ಎರಡನೇ ಗೇರು

"ಇಳಿಜಾರಲ್ಲೇ ಹಾರೋದು," ಎಂದೆ.
"ಆಕ್ಸಿಲೇಟರಿಂದ ಕಾಲು ತೆಗೆದರೆ ಸಾಕು,
ಎರಡನೇ ಗೇರು ಹೇಳದೆ ಕೇಳದೆ ನ್ಯೂಟ್ರಲ್ಲಿಗೆ."

ಆಂಡರ್ಸನ್‌ಪೇಟೆಯ ಇರುದಯಂ ಮೇಸ್ತ್ರಿ
ಬಾನೆಟ್ಟು ಮುಟ್ಟಲಿಲ್ಲ.
ಜೀಪಿನಡಿ ತೂರಿ, ಉದ್ದನೆ ಸ್ಕ್ರೂಡ್ರೈವರಿನ ತುದಿ ಗೇರ್‌ಬಾಕ್ಸಿಗೆ,
ಹಿಡಿ ತನ್ನ ಕಿವಿಗೆ.
"ಕ್ಲಚ್ ಒತ್ತು." ಗೊರಗೊರ ನಿಂತಿತು.
"ಬಿಡು." ಮತ್ತೆ ಬಂತು.
"ಮುಂದಿನ ಬೇರಿಂಗು," ಎಂದ,
ಮರೆತ ಹೆಸರೊಂದು ನೆನಪಾದ ಹಾಗೆ.
"ಗೇರು ಹಾರೋದು ಬೇರೆ ಕತೆ."

ಗಣಿ ಮುಚ್ಚಿದ ಮೇಲೆ ಹರಾಜಿನಲ್ಲಿ ಹಿಡಿದ ಜೀಪು.
ಸೈನೈಡ್ ದಿಬ್ಬದ ಧೂಳು
ಸೀಟಿನ ಹೊಲಿಗೆಯಿಂದ ಇನ್ನೂ ಹೋಗಿಲ್ಲ.

ಆಯಿಲ್ ಇಳಿಸಿದ. ಕೊಳೆತ ಬೆಳ್ಳುಳ್ಳಿ ನಾತ.
ತೂತುಬಿದ್ದು ಬೆಸುಗೆ ಹಾಕಿಸಿದ ಬಾಣಲೆಯನ್ನು
ಬಿಸಿಲಿಗೆ ಓರೆ ಮಾಡಿದ:
ಕಪ್ಪಿನೊಳಗೆ ಹಳದಿ ಮಿಣುಕು.
ಟೀ ಕುಡಿಯುತ್ತಿದ್ದವರೆಲ್ಲ ಬಗ್ಗಿದರು.
ಈ ಊರಲ್ಲಿ ಹಳದಿ ಕಂಡರೆ
ಕತ್ತು ತಾನೇ ಬಾಗುತ್ತದೆ.

"ಹಿತ್ತಾಳೆ," ಉಗುರಲ್ಲಿ ಉಜ್ಜಿ ಅಂದ ಮೇಸ್ತ್ರಿ,
"ಸಿಂಕ್ರೋ ರಿಂಗು ಸವೆದಿರೋದು.
ಶನಿವಾರ ಬಿಚ್ಚೋಣ.
ಅಲ್ಲೀತನಕ ಇಳಿಯುವಾಗ ಗೇರಿನ ಮೇಲೆ ಕೈಯಿರಲಿ,
ಅದುಮಬೇಡ, ಫೋರ್ಕು ತಿಂದುಹೋಗುತ್ತೆ."

ಎಲ್ಲರೂ ಟೀಗೆ ಮರಳಿದರು.
ಹಿಂದೆ ಸುರಂಗದಲ್ಲಿ ಮರ ಕಟ್ಟುತ್ತಿದ್ದ ಸೆಲ್ವಂ ಮಾತ್ರ
ಬಾಣಲೆ ಮುಂದೆ ಕುಕ್ಕರಗಾಲಲ್ಲಿ,
ಇನ್ನೂ
ಓರೆ ಮಾಡುತ್ತಾ.