ಗೆರೆ ನಿಂತ ಕಡೆ

ಕೆರಗೋಡಿನಾಚೆ ಜವನಮ್ಮನ ಅಲಸಂದೆ ಸಾಲು.
ಒಂದೆಲೆ ಕಿತ್ತು ಬಿಸಿಲಿಗೆ ಹಿಡಿಯುತ್ತಾಳೆ:
‘ನೋಡವ್ವಾ, ರಂಗೋಲಿ ಹುಳ.
ನಾನು ಬಾಗ್ಲಿಗೆ ಬುಡೋದ್ನ ಮರ್ತ ದಿನ್ವೂ
ಇದು ಮರ್ತಿಲ್ಲ. ಔಸ್ದಿ ಒಡೀಲಾ?’

ತಡಿ, ಎನ್ನುತ್ತೇನೆ. ನನ್ನ ಕೆಲಸವೇ ತಡಿ ಎನ್ನುವುದು.
ಫಾರಮ್ಮಿನ ದಿನಗೂಲಿ ನಾನು. ಚೀಲದ ತುಂಬ
ಖಾಲಿ ಹಾರ್ಲಿಕ್ಸ್ ಬಾಟಲಿ,
ಬಾಯಿಗೆ ಕಟ್ಟಲು ಹಳೇ ಪಂಚೆಯ ಚೂರು.

ಎಲೆಯ ಎರಡು ಪೊರೆಗಳ ನಡುವೆ
ನೊಣದ ಮರಿ ಮೇಯುತ್ತಾ ಹೋಗಿದೆ.
ಮೊದಲು ನೂಲಿನಷ್ಟು, ತಿಂದಷ್ಟೂ ಅಗಲ,
ತೂಬಿನಿಂದ ಹಿಮ್ಮುಖ ನಡೆದರೆ
ಕಾಲುವೆ ನಾಲೆಯಾಗುವ ಹಾಗೆ.
ಮೇಲೆ ಸೂರು, ಕೆಳಗೆ ನೆಲ, ಎದುರಿಗೆ ಊಟ.
ಯಾರ ಕಣ್ಣಿಗೂ ಬೀಳದ ಬಾಳು
ಎಂದು ಅದಕ್ಕೆ ಅನ್ನಿಸಿರಬೇಕು.

ಸಾಸಿವೆಯಲ್ಲಿ ಅರ್ಧ, ಅಷ್ಟೇ ಅವಳು, ಕಣಜ.
ಹಸಿರು ಮಿರುಗು. ಬಂದು ಇಳಿಯುತ್ತಾಳೆ.
ಮೀಸೆಯಿಂದ ತಟ್ಟುತ್ತಾಳೆ,
ಸಂತೆಯಲ್ಲಿ ಕಲ್ಲಂಗಡಿ ತಟ್ಟಿ
ಕಿವಿಗೊಡುವವರ ಹಾಗೆ.
ಮರಿ ಜಗಿಯುವುದ ನಿಲ್ಲಿಸಿದರೆ ಉಳಿಯಬಹುದು.
ಹಸಿವು ನಿಲ್ಲಿಸಲು ಬಿಡುವುದಿಲ್ಲ.

ಒಂದು ಚುಚ್ಚು.
ಪಕ್ಕದಲ್ಲೊಂದು ಮೊಟ್ಟೆ.
ಅಲ್ಲಿಗೆ ಗೆರೆ ನಿಂತಿತು,
ರಂಗೋಲಿ ಬಿಡುತ್ತಿದ್ದವಳನ್ನು
ಯಾರೋ ಒಳಗಿನಿಂದ ಕರೆದಂತೆ.

ಮಸೂರದಲ್ಲಿ ಜವನಮ್ಮನಿಗೂ ತೋರಿಸಿದೆ:
ಕಣಜದ ಕೂಸು ಉಂಡು ಮುಗಿಸಿ
ತನ್ನ ಹೇಲಿನಿಂದಲೇ ಆರೇಳು ಕಂಬ ನಿಲ್ಲಿಸಿದೆ,
ಒಣಗುವ ಎಲೆಯ ಸೂರು
ಮೈಮೇಲೆ ಕುಸಿಯದ ಹಾಗೆ.
ಮಧ್ಯೆ ಮಲಗಿದೆ. ತಾಯಿಯ ಮುಖ ಕಂಡದ್ದಲ್ಲ,
ಯಾರೂ ಕಲಿಸಿದ್ದಲ್ಲ.

ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು.
‘ಮನೆ ತೋಡ್ದೋನೊಬ್ಬ, ಕಂಬ ನಿಲ್ಸ್ದೋನಿನ್ನೊಬ್ಬ.
ನಮ್ಮೂರ್ ನ್ಯಾಯ್ದಂಗೇ ಐತೆ ಬುಡು.’

ಬಾಗಿಲು ನೋಡಿ ಯಾರೆಂದು ಹೇಳಬಹುದು:
ಅರ್ಧಚಂದ್ರದಂತೆ ಸೀಳಿದ್ದರೆ ನೊಣದ ಮರಿ ಹೊರಬಿದ್ದಿದೆ,
ದುಂಡಗೆ ಕೊರೆದಿದ್ದರೆ ಕಣಜ.
ಹದಿಮೂರನೆಯ ದಿನ ರೆಜಿಸ್ಟರಿನಲ್ಲಿ ಬರೆದೆ:
ನೊಣ ಮೂರು, ಕಣಜ ಹನ್ನೊಂದು.
ಸಾಹೇಬರು ಭೇಷ್ ಅಂದರು, ನನಗೂ ಖುಷಿಯೇ.

ಒಂದು ಬಾಟಲಿಯಲ್ಲಿ ಮಾತ್ರ ಏನೂ ಏಳಲಿಲ್ಲ.
ಗೆರೆಯಿತ್ತು, ನಿಂತಿತ್ತು, ಕಂಬಗಳಿರಲಿಲ್ಲ,
ಎರಡು ಬಗೆಯ ಬಾಗಿಲೂ ಇರಲಿಲ್ಲ.
ಅದಕ್ಕೆ ರೆಜಿಸ್ಟರಿನಲ್ಲಿ ಕಾಲಂ ಇಲ್ಲ.
ಚೀಲದಲ್ಲೇ ಇಟ್ಟುಕೊಂಡಿದ್ದೇನೆ, ಯಾಕೋ.

ಜವನಮ್ಮ ಈ ಬಾರಿ ಔಷಧಿ ಹೊಡೆಯಲಿಲ್ಲ.
ಡಬ್ಬಿಯನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ್ದಾಳೆ.
ಎಸೆದಿಲ್ಲ.