ಔಷಧದ ಕಿಟಕಿ

ಮಂಗಳವಾರ ಬಳ್ಳಾರಿಯಿಂದ ಮನಸ್ಸಿನ ಡಾಕ್ಟರು ಬರುತ್ತಾರೆ,
ಹತ್ತೂವರೆಗೆ; ಬಸ್ಸು ಕೆಟ್ಟರೆ ಹನ್ನೆರಡಕ್ಕೆ.
ಸಿರುಗುಪ್ಪದ ಆಸ್ಪತ್ರೆ, ಒಂಬತ್ತನೇ ಕೋಣೆ,
ಹಲ್ಲಿನವರ ಕುರ್ಚಿಯ ಪಕ್ಕ ಒಂದು ಮೇಜು.
ನನ್ನದು ಔಷಧದ ಕಿಟಕಿ. ತಂತಿಜಾಲರಿಯಲ್ಲಿ
ಒಂದು ಕೈ ಹಿಡಿಸುವಷ್ಟು ತೂತು.
ಹದಿನಾರು ವರ್ಷದಿಂದ ಮುಖ ನೋಡಿದ್ದು ಕಡಿಮೆ,
ಕೈ ನೋಡಿದ್ದೇ ಹೆಚ್ಚು.

ಹೊನ್ನೂರಮ್ಮನ ಕೈ ತೆಕ್ಕಲಕೋಟೆಯದು.
ಮೂರು ವರ್ಷ ಹೊಟ್ಟೆನೋವಿನ ಗುಳಿಗೆ ಒಯ್ದಿತು,
ಒಂದು ವರ್ಷ ರಕ್ತದ ಟಾನಿಕ್ಕು, ನಡುವೆ ಒಂದು ತಾಯಿತ.
"ಎದಿ ಮ್ಯಾಲ ಬಂಡಿಗಲ್ಲು ಇಟ್ಟಂಗ ಆಗತೈತ್ರಿ" ಅಂದದ್ದನ್ನು
ಎಕ್ಸ್‌ರೇಗೆ ಕಳಿಸಿದವರು ನಾವೇ.
ಕಲ್ಲು ಕಾಣಲಿಲ್ಲ.
ಕೊನೆಗೆ ಒಂಬತ್ತನೇ ಕೋಣೆಗೆ ಕೈಹಿಡಿದು ತಂದವಳು
ಇದೇ ಗುಳಿಗೆ ನುಂಗಿ ಎದ್ದು ಕೂತ ಓರಗಿತ್ತಿ.

ಹೆಂಗಸರಿಗೆ ಬಸ್ಸು ಪುಕ್ಕಟೆ. ನಿಜ.
ಮಾಬುನ್ನಿಯ ಆಧಾರ್ ಕಾರ್ಡು ಮಾತ್ರ ಗಂಡನ ಅಂಗಿಯ ಜೇಬಿನಲ್ಲಿ,
ಅಂಗಿ ಹೊಸಪೇಟೆಗೆ ಗಾರೆ ಕೆಲಸಕ್ಕೆ ಹೋಗಿದೆ.

ಕಾಲೇಜಿನ ಮೇಷ್ಟ್ರು ಇಲ್ಲಿಗೆ ಕೆಮ್ಮಿಗಷ್ಟೇ ಬರುತ್ತಾರೆ.
ಇನ್ನೊಂದಕ್ಕೆ ಗಡಿ ದಾಟಿ ಆದವಾನಿ.
ಅವರ ಜೇಬಿನಿಂದ ಇಣುಕಿದ ತೆಲುಗು ಚೀಟಿಯನ್ನು
ನಾನು ನೋಡಲಿಲ್ಲ.

ನಾಟಿ ಶುರುವಾದರೆ ಬೆಂಚು ಖಾಲಿ.
ಎಲ್ಲರೂ ಗುಣವಾದರೇ? ಹೊಸ ಡಾಕ್ಟರು ಕೇಳಿದರು.
ನಾನೂರು ರೂಪಾಯಿ ಕೂಲಿ ಸಾರ್, ಎಂದೆ,
ಬಗ್ಗಿ ಸಸಿ ಊರುವವರ ಮುಖ ಯಾರು ನೋಡುತ್ತಾರೆ.

ಧಾರವಾಡದಿಂದ ಒಬ್ಬ ಹುಡುಗಿ ಫಾರಂ ತಂದಿದ್ದಳು:
ವಯಸ್ಸು, ಲಿಂಗ, ವರಮಾನ,
ಮನೆಯಿಂದ ಆಸ್ಪತ್ರೆಗೆ ದೂರ ಎಷ್ಟು.
ದೂರದ ಕಾಲಮ್ಮಿಗೆ ಬಂದಾಗ
ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಹಿಂದಿನ ಕ್ವಾರ್ಟರ್ಸಿನಲ್ಲಿ ಸುವಾರ್ತಮ್ಮ ಸಿಸ್ಟರ್ ಇದ್ದಾರೆ.
ಅವರ ಹೊಸ್ತಿಲಿಗೂ ಒಂಬತ್ತನೇ ಕೋಣೆಗೂ ನಲವತ್ತು ಹೆಜ್ಜೆ.
ಮಂಗಳವಾರ ಹೆಸರು ಕೂಗುವವರು ಅವರೇ, ಕಂಚಿನ ದನಿ.
ತಮ್ಮ ಹೆಸರು ತಾವೇ ಹೇಗೆ ಕೂಗುವುದು?
ಸಂಜೆ ಬೀಗದ ಕೈ ಕೇಳುತ್ತಾರೆ, ಹತ್ತಿ ಬೇಕು ಎಂದು.
ಹತ್ತಿ ಇರುವುದು ಎಡಗಡೆ.
ಬಲಗಡೆಯ ಡ್ರಾಯರು ಕಿರ್ರೆನ್ನುತ್ತದೆ.
ನಾನು ಹೊರಗೆ ಸೈಕಲ್ಲಿನ ಗಾಳಿ ಒತ್ತಿ ನೋಡುತ್ತಿರುತ್ತೇನೆ.

ಅಳತೆ ಯಾರು ಹೇಳಿದರೋ, ಎಷ್ಟು ದಿನಕ್ಕೋ.
ಡಾಕ್ಟರಿಗೆ ಹೇಳಬೇಕೆಂದು ಮೂರು ಮಂಗಳವಾರ
ಒಂಬತ್ತನೇ ಕೋಣೆಯ ಬಾಗಿಲ ತನಕ ಹೋಗಿದ್ದೇನೆ.
ಬಾಗಿಲಲ್ಲಿ ಸಿಸ್ಟರೇ ನಿಂತಿದ್ದರು, ಪಟ್ಟಿ ಹಿಡಿದು.

ತಿಂಗಳ ಕೊನೆಗೆ ಲೆಕ್ಕ ಕೂಡಿಸುತ್ತೇನೆ.
ಬಂದದ್ದು ಇಷ್ಟು, ಕೊಟ್ಟದ್ದು ಇಷ್ಟು.
ಕೆಳಗಿನ ಸಾಲಿನಲ್ಲಿ ದುಂಡಗೆ ಬರೆಯುತ್ತೇನೆ:
ಒಡೆದದ್ದು, ಮೂವತ್ತು.