ಕುಂಡೆ ಹಬ್ಬದ ಹಾಜರಿ

ಆ ಪದವನ್ನು ಬೋರ್ಡಿನ ಮೇಲೆ ನಾನು ಎಂದೂ ಬರೆದವಳಲ್ಲ.
ಮೇ ತಿಂಗಳ ಆ ಒಂದು ಗುರುವಾರ
ತಿತಿಮತಿಯ ರಸ್ತೆಗೆಲ್ಲ ಅದೊಂದೇ ಪದ:
ಕುಂಡೆ, ಕುಂಡೆ ಎಂದು ಎಣ್ಣೆಡಬ್ಬ ಬಡಿಯುತ್ತ
ಜೀಪು ತಡೆದು, ಅಂಗಡಿಗೆ ನುಗ್ಗಿ,
ಕಾಸು ಕೊಟ್ಟವರಿಗೂ ಬೈಗುಳ,
ಕೊಡದವರಿಗೆ ಇನ್ನೆರಡು ಜಾಸ್ತಿ.

ಗಣತಿಯ ಕೆಲಸವೆಂದು ರಜೆಯಲ್ಲೂ ಉಳಿದಿದ್ದೆ.
ವಾರದ ಹಿಂದೆ ಹಾಡಿಯಲ್ಲಿ ಮನೆ ಎಣಿಸುವಾಗ
ಗಂಗೆ ಹೊಸ್ತಿಲಲ್ಲಿ ಕೂತು ಯೂರಿಯಾ ಚೀಲಕ್ಕೆ
ಗೋಣಿಸೂಜಿಯಲ್ಲಿ ನೆರಿಗೆ ಹಿಡಿಯುತ್ತಿದ್ದಳು.
ತೂಕ ಬರೆದ ಅಕ್ಷರ ಸರಿಯಾಗಿ ಹಿಂಬದಿಗೇ ಬರಬೇಕಂತೆ,
ಅದಕ್ಕೆಂದೇ ಎರಡು ಸಲ ಬಿಚ್ಚಿದ್ದಳು.
ಪಕ್ಕದಲ್ಲಿ ನೈಲಾನ್ ಹಗ್ಗ ಎಳೆಎಳೆ ಬಿಡಿಸಿದ ಜಡೆ,
ಒಣಗಿದ ಸೋರೆಬುರುಡೆ, ಎದೆಗೆಂದು ಎರಡು ಕರಟ
(ಒಂದು ಸಣ್ಣದು, ಇರಲಿ ಬಿಡಿ ಎಂದು ನಕ್ಕಳು).
ಯಾರಿಗಿದು, ಎಂದೆ, ಪೆನ್ನು ಹಿಡಿದೇ.
ಬೋಜನಿಗೆ. ಹಳೇ ಸೀರೆ ಉಂಟಾ ಟೀಚರೇ?

ಬೋಜ. ಪುಸ್ತಕದಲ್ಲಿ ಜೆ.ಕೆ. ಬೋಜ, ನಾಲ್ಕನೆಯ ತರಗತಿ.
ಹೆಸರು ಕೂಗಿದರೆ ಬೆರಳೆತ್ತುವನು, ಅಷ್ಟೆ.
ಇಡೀ ವರ್ಷದಲ್ಲಿ ಅವನ ದನಿ ಕೇಳಿದ್ದು ಒಮ್ಮೆ,
ಅದೂ ಕೆಮ್ಮು.

ಅವ್ವ ಗಜೇಂದ್ರಗಡದಿಂದ ಕಳಿಸಿದ್ದ ಇಳಕಲ್ ಸೀರೆ
ನೆಲ ಒರೆಸಲೆಂದು ಮೂಲೆಗೆ ಬಿದ್ದಿತ್ತು.
ಮೈ ಸವೆದು ಜಾಳಾಗಿತ್ತು,
ಸೆರಗಿನ ತೆನೆ ಮಾತ್ರ ಇನ್ನೂ ಕೆಂಪು. ಕೊಟ್ಟೆ.

ನಮ್ಮೂರಲ್ಲೂ ಇದೆ ಇಂಥದು, ಕಾಮಣ್ಣನ ಹುಣ್ಣಿಮೆಗೆ.
ಹಲಗೆ, ಸೋಗು, ಬೈಗುಳ ಎಲ್ಲ.
ಅಣ್ಣ ಅವ್ವನ ಕುಪ್ಪಸ ತೊಟ್ಟು ಹೋಗುವನು;
ನಮ್ಮನ್ನು ಒಳಗಿಟ್ಟು ಅಗಳಿ ಹಾಕುವರು.
ನಾನು ಬೈಗುಳ ಕಲಿತದ್ದು ಕಿಟಕಿಯ ಸಂದಿಯಿಂದ,
ಅರ್ಧರ್ಧ.

ಗುರುವಾರ ಹನ್ನೊಂದಕ್ಕೆ ನನ್ನ ಬಾಗಿಲಿಗೂ ಬಂತು ಮೇಳ.
ಮಸಿ ಬಳಿದವರು, ಸೊಪ್ಪು ಸುತ್ತಿದವರು,
ಮುರಿದ ಮೊಬೈಲು ಕಿವಿಗಿಟ್ಟು ಸಾಹುಕಾರನಾದವನು,
ನಡುವೆ ಇಳಕಲ್ ಸೀರೆಯಲ್ಲಿ, ರಟ್ಟಿನ ಕನ್ನಡಕದಲ್ಲಿ,
ಸೆರಗು ಸೊಂಟಕ್ಕೆ ಸಿಕ್ಕಿಸಿ
ನಾನು.

ನನ್ನದೇ ನಡಿಗೆ, ಎಡಗಾಲು ತುಸು ಎಳೆದು.
ಕೈಯಲ್ಲಿ ಕಾಫಿಗಿಡದ ಬೆತ್ತ.
ಬಾಯಿ ತೆರೆದರೆ, ಯಪ್ಪಾ, ನನ್ನದೇ ಗದಗಿನ ಮಾತು:
"ಯಾಕಲೇ, ನಿನ್ನಿ ಯಾಕ ಬಂದಿಲ್ಲ?
ಕಾಡಿಗಿ ಹೋಗಿದ್ದೀ? ಜೇನು ಮಗ್ಗಿ ಕಲಸತೈತೇನಲೇ?"
ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು.
ನಾನೂ ನಕ್ಕೆ, ಒಂದು ಉಸಿರು ತಡವಾಗಿ.

ಆಮೇಲೆ ಸೋರೆಬುರುಡೆ ತೆರೆದು ಹಾಜರಿ ಕರೆದ:
ರೇಂಜರು? ಡಬ್ಬ ಬಡಿದು, ಗೈರು!
ಡಾಕ್ಟರು? ಗೈರು!
ಅಯ್ಯಪ್ಪ? ಒಂದು ಕ್ಷಣ ಸುಮ್ಮನಾಗಿ, ಎಲ್ಲರೂ ಒಟ್ಟಿಗೆ,
ಗೈರು, ಗೈರು, ಹೆಣ್ಣಿನ ಹಿಂದೆ ಓಡಿಹೋದ!
(ಬೇಟೆಗೆಂದು ಕರೆತಂದು ನಡುಕಾಡಲ್ಲಿ ಇವರನ್ನು ಬಿಟ್ಟನಂತೆ;
ಇವತ್ತು ಬೈದು, ದೇವರಪುರಕ್ಕೆ ಹೋಗಿ ಹರಕೆ ಒಪ್ಪಿಸಿ,
ತಪ್ಪಾಯಿತೆಂದು ಕೈಮುಗಿದು ಬರುವರಂತೆ.)

ಗುರುದೇವಿ ಟೀಚರ್?
ಕನ್ನಡಕದ ರಟ್ಟಿನೊಳಗಿಂದ ಎರಡು ಕಣ್ಣು
ನೇರ ನನ್ನನ್ನೇ. ಡಬ್ಬ ನಿಂತಿತ್ತು.
ಮಾತು ಹೊರಡಲಿಲ್ಲ. ಬೆರಳೆತ್ತಿದೆ.

ಇಪ್ಪತ್ತು ರೂಪಾಯಿ ಕೊಟ್ಟದ್ದಕ್ಕೆ
ಅವ್ವನ ಹೆಸರು ಸೇರಿಸಿ ಸಿಕ್ಕ ಬೈಗುಳ
ಪೂರ್ತಿ ಕೇಳಿಸಿಕೊಂಡೆ, ಬಾಗಿಲು ತೆರೆದಿಟ್ಟೇ.

ಶಾಲೆ ತೆರೆದ ಸೋಮವಾರ ಬರಲಿಲ್ಲ.
ಮಂಗಳವಾರ ಬಂದ, ಕಿವಿಯ ಹಿಂದೆ ಸುಣ್ಣದ ಗೆರೆ
ಇನ್ನೂ ಉಳಿದೇ ಇತ್ತು, ಕಡೆಯ ಸಾಲಿನಲ್ಲಿ ಕೂತ.
ಜೆ.ಕೆ. ಬೋಜ, ಎಂದೆ. ಬೆರಳು.
ನಿನ್ನಿ ಯಾಕ, ಎಂದು ಶುರುಮಾಡಿ
ಯಾಕೋ ಪುಟ ತಿರುವಿದೆ.
ಅವನು ತಲೆ ತಗ್ಗಿಸಿಯೇ ಇದ್ದ. ಭುಜ ಮಾತ್ರ
ಸಣ್ಣಗೆ ಕುಲುಕುತ್ತಿತ್ತು.